‘ಹುಷಾರು’ ಅಂದರೆ ಸಾಲದು: ನಮ್ಮ ಶಾಲೆಯಲ್ಲಿ ನಾವು ಮಾಡಿಕೊಂಡ ರಿಪೇರಿಗಳು

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯಶಿಕ್ಷಕಿ. ಶಾಲೆಯ ಮುಂದೆ ಬಳ್ಳಾರಿ–ಹಿರಿಯೂರು ಹೆದ್ದಾರಿ, ಹಿಂದೆ ಶೇಂಗಾ ಹೊಲ, ಒಂದು ಬದಿಗೆ ಬಳ್ಳಾರಿ ಜಾಲಿ. ನಾನು ಇಲ್ಲಿಗೆ ವರ್ಗವಾಗಿ ಬಂದಾಗ ಬೆಳಿಗ್ಗೆಯಿಂದ ಸಂಜೆವರೆಗೂ ಕಿವಿಗೆ ಬೀಳುತ್ತಿದ್ದದ್ದು ‘ಹುಷಾರು ಕಣ್ರೋ’ ಅನ್ನೋ ಕೂಗು. ಗೇಟಿನ ಹತ್ತಿರ ಹುಷಾರು, ಸಂಪಿನ ಹತ್ತಿರ ಹುಷಾರು, ಸ್ವಿಚ್ ಬೋರ್ಡ್ ಹತ್ತಿರ ಹುಷಾರು. ಏಳು ವರ್ಷದ ಮಗು ಎಷ್ಟು ಹೊತ್ತು ಹುಷಾರಾಗಿರುತ್ತದೆ? ಆಟ ಶುರುವಾದರೆ ಎಲ್ಲ ಮರೆಯಿತು. ಅದು ಮಗುವಿನ ತಪ್ಪಲ್ಲ. ಸರಿಮಾಡಬೇಕಾದದ್ದು ಜಾಗವನ್ನು ಅಂತ ಶಿಕ್ಷಕರೆಲ್ಲ ಕೂತು ತೀರ್ಮಾನ ಮಾಡಿದೆವು.

ಮೊದಲು ಮಕ್ಕಳ ಜೊತೆಯಲ್ಲೇ ಇಡೀ ಶಾಲೆ ಸುತ್ತಿದೆವು. ಏಳನೇ ಕ್ಲಾಸಿನವರು ಬರೆದುಕೊಂಡರು, ಚಿಕ್ಕವರು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ತೆರೆದಿಟ್ಟ ಕಿಟಕಿ ಬಾಗಿಲಿನ ಚೂಪು ಮೂಲೆ ಸರಿಯಾಗಿ ಮೂರನೇ ಕ್ಲಾಸಿನ ಮಕ್ಕಳ ಹಣೆಯ ಎತ್ತರಕ್ಕಿತ್ತು. ನಮಗೆ ಅದು ಎದೆಮಟ್ಟ, ಹಾಗಾಗಿ ಕಣ್ಣಿಗೇ ಬೀಳುವುದಿಲ್ಲ. ಶೌಚಾಲಯದ ಹಿಂದೆ ಹುಡುಗರು ಗೋಲಿ ಆಡುವ ಜಾಗವಿತ್ತು. ಕರೆಂಟ್ ಕಂಬವನ್ನು ಬಿಗಿದ ತಂತಿ ನೆಲಕ್ಕೆ ಇಳಿಯುವುದೂ ಅಲ್ಲಿಯೇ. ಮಕ್ಕಳು ಅದನ್ನೇ ಹಿಡಿದು ಜೋಕಾಲಿ ಆಡುತ್ತಿದ್ದರು. ಅಡುಗೆಯ ಅಕ್ಕಂದಿರನ್ನು ಕೇಳುವುದನ್ನೂ ಬಿಡಬೇಡಿ. ಇಲಿ ಎಲ್ಲಿಂದ ಬರುತ್ತದೆ, ಬೀಗ ಯಾವುದು ಕೂರುವುದಿಲ್ಲ ಎಂದು ಅವರಷ್ಟು ತಿಳಿದವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ.

ಈ ಇಲಿಯ ವಿಷಯ ಸಣ್ಣದಲ್ಲ. ನಮ್ಮ ಕಡೆ ಜನ ಹೆಚ್ಚು ಹೆದರುವುದು ಹಾವಿಗೆ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಬಿಸಿಯೂಟದ ಅಕ್ಕಿ ಚೀಲ ನೆಲದ ಮೇಲಿದ್ದರೆ ಇಲಿ ಬರುತ್ತದೆ, ಇಲಿ ತೋಡಿದ ಬಿಲ ಹಾವಿಗೆ ಮನೆಯಾಗುತ್ತದೆ. 2019ರ ನವೆಂಬರ್‌ನಲ್ಲಿ ಕೇರಳದ ವಯನಾಡಿನಲ್ಲಿ ಒಬ್ಬ ಹುಡುಗಿ ತರಗತಿಯೊಳಗೇ, ನೆಲದ ತೂತಿನಲ್ಲಿದ್ದ ಹಾವು ಕಚ್ಚಿ ತೀರಿಕೊಂಡಳು. ಅದನ್ನು ಓದಿದ ಮೇಲೆ ನೆಲದ ಒಂದು ಬಿರುಕನ್ನೂ ನಾನು ಸುಮ್ನೆ ಬಿಟ್ಟಿಲ್ಲ. ನಾವು ಅಕ್ಕಿ ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ದೂರ ಜೋಡಿಸಿದೆವು. ಬಿಲಗಳಿಗೆ ಗಾಜಿನ ಚೂರು ತುಂಬಿ ಸಿಮೆಂಟ್ ಹಾಕಿಸಿದೆವು. ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹೊಡೆಸಿದೆವು. ಕೊಠಡಿ ಕಟ್ಟಿದಾಗ ಉಳಿದ ಚಪ್ಪಡಿ ಕಲ್ಲು, ಇಟ್ಟಿಗೆ, ಮುರಿದ ಡೆಸ್ಕು ಎಲ್ಲ ಹಿಂಬದಿ ಗುಡ್ಡೆ ಬಿದ್ದಿದ್ದವು. ಚೇಳು, ಹಾವು ಎರಡಕ್ಕೂ ಅದೇ ಆಸರೆ. ಊರಿನ ಯುವಕರು ಟ್ರ್ಯಾಕ್ಟರ್ ತಂದು ಸಾಗಿಸಿದರು. ಕಲ್ಲು ಎತ್ತುವಾಗ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಶ್ರಮದಾನ ಅಂತ ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಆದರೂ ಕಚ್ಚಿದರೆ? ಗಾಯದ ಮೇಲೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಮಗುವನ್ನು ನಡೆಸದೆ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಂಡು, ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಸೀದಾ ಹೋಗಬೇಕು. ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಅಜ್ಜ ಎದ್ದು, “ಮೇಡಮ್ಮಾರೇ, ನಮ್ಮೂರಾಗೆ ಬೇರು ಕೊಡೋರು ಅದಾರಲ್ಲ” ಅಂದರು. “ಇರಲಿ ಅಜ್ಜಾ, ಮೊದಲು ಇಂಜೆಕ್ಷನ್ ಆಗ್ಲಿ” ಅಂದೆ. ಬೇರು ಕೊಡುವವರ ಹತ್ತಿರ ಕಳೆಯುವ ಅರ್ಧ ಗಂಟೆ ತುಂಬಾ ದುಬಾರಿ. 108ರ ನಂಬರ್, ಹತ್ತಿರದ ಎರಡು ವಾಹನಗಳ ಚಾಲಕರ ನಂಬರ್ ಈಗ ಪ್ರತಿ ಕೊಠಡಿಯ ಗೋಡೆ ಮೇಲೂ ಬರೆದಿವೆ. ಮುಖ್ಯಶಿಕ್ಷಕಿ ಮೀಟಿಂಗಿಗೆ ಹೋದ ದಿನವೂ ಯಾರ ಅಪ್ಪಣೆಗೂ ಕಾಯದೆ ಮಗುವನ್ನು ಕರೆದುಕೊಂಡು ಹೊರಡಬೇಕು ಅಂತ ಎಲ್ಲರಿಗೂ ಹೇಳಿದ್ದೇನೆ.

ಕರೆಂಟಿನ ಕೆಲಸ ನಾವೇ ಮಾಡುವಂಥದ್ದಲ್ಲ. ಒಡೆದ ಸ್ವಿಚ್‌ಗಳನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಬದಲಿಸಿದರು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು. ಸೋರಿಕೆ ಆದ ತಕ್ಷಣ ಅದು ಕರೆಂಟ್ ಕಡಿಯುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಬೇಕು. ಕಂಬದ ತಂತಿಯ ವಿಷಯಕ್ಕೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಅರ್ಜಿಯನ್ನೂ ಕೊಟ್ಟೆವು. ಬಂದು ಇನ್ಸುಲೇಟರ್ ಹಾಕಿ ಹೋದರು. ಧ್ವಜಸ್ತಂಭವನ್ನೂ ಜಾಗ ಬದಲಿಸಿದೆವು. 2019ರ ಆಗಸ್ಟ್‌ನಲ್ಲಿ ಕೊಪ್ಪಳದ ಒಂದು ಹಾಸ್ಟೆಲ್‌ನಲ್ಲಿ ಸ್ವಾತಂತ್ರ್ಯ ದಿನಕ್ಕೆ ನೆಟ್ಟ ಕಬ್ಬಿಣದ ಧ್ವಜಕಂಬ ತೆಗೆಯುವಾಗ ಅದು ವಿದ್ಯುತ್ ತಂತಿಗೆ ತಗುಲಿ ಐದು ಹುಡುಗರು ಸತ್ತರು. ಐದು ಮನೆಯ ದೀಪ. ತಲೆಯ ಮೇಲೆ ತಂತಿ ಹಾದುಹೋಗಿದ್ದರೆ ಅದರ ಕೆಳಗೆ ಕಂಬ ನೆಡಲೇಬಾರದು, ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು.

ಅಡುಗೆ ಕೋಣೆಯಲ್ಲಿ ಜಾಸ್ತಿ ಅಪಾಯ ಬೆಂಕಿಗಿಂತ ಸಾರಿನದು. ಊಟದ ಬೆಲ್ ಹೊಡೆದ ಮೇಲೆ, ಮಕ್ಕಳು ಓಡಾಡುವ ಹೊತ್ತಿಗೇ ಕುದಿಯುವ ಸಾರಿನ ಪಾತ್ರೆ ಜಗಲಿ ದಾಟುತ್ತಿತ್ತು. ಈಗ ಪಾತ್ರೆ ಬಂದು ಕೂತ ಮೇಲೆ ಬೆಲ್. ಮಕ್ಕಳು ಸಾಲಾಗಿ ಕೂರುತ್ತಾರೆ, ಬಡಿಸುವವರು ಸಣ್ಣ ಬಕೆಟ್ ಹಿಡಿದು ಬರುತ್ತಾರೆ. ಕ್ಷೀರಭಾಗ್ಯದ ಹಾಲಿಗೂ ಇದೇ ಕ್ರಮ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಪೇಸ್ಟ್ ಗೀಸ್ಟ್ ಏನೂ ಬೇಡ. ಬೇಸಿಗೆಯ ನೆರಳಿಗೆಂದು ಅಡುಗೆ ಕೋಣೆಗೆ ಅಂಟಿಸಿ ಹಾಕಿದ್ದ ತೆಂಗಿನ ಗರಿಯ ಚಪ್ಪರ ಕಿತ್ತೆವು. 2004ರ ಜುಲೈ 16ರಂದು ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದದ್ದು ಅಡುಗೆಯ ಬೆಂಕಿ ಗರಿಯ ಚಾವಣಿಗೆ ಹತ್ತಿಯೇ. ಇನ್ನೊಂದು ಮಾತು. ಈರುಳ್ಳಿ, ಹತ್ತಿಗೆ ಹೊಡೆಯುವ ಔಷಧಿ ಡಬ್ಬಗಳು ನಮ್ಮ ಪ್ರತಿ ಮನೆಯಲ್ಲೂ ಇವೆ. ಅಂಥ ಖಾಲಿ ಡಬ್ಬ ಯಾವ ಕೆಲಸಕ್ಕೂ ಶಾಲೆಯೊಳಗೆ ಬರಕೂಡದು. 2013ರಲ್ಲಿ ಬಿಹಾರದ ಛಾಪ್ರಾ ಹತ್ತಿರ ಕೀಟನಾಶಕ ಸೇರಿದ ಎಣ್ಣೆಯಲ್ಲಿ ಮಾಡಿದ ಬಿಸಿಯೂಟ ಉಂಡು 23 ಮಕ್ಕಳು ಸತ್ತರು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಗೇಟಿನ ಬಗ್ಗೆ. ಅದು ಸೀದಾ ಹೆದ್ದಾರಿಗೆ ತೆರೆಯುತ್ತಿತ್ತು. ಊರ ಬೀದಿಗೆ ಹೊಸ ಗೇಟ್ ಇಡೋಣ ಅಂದಾಗ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಒಪ್ಪಲಿಲ್ಲ. “ದಾನಿಗಳ ಹೆಸರಿನ ಕಮಾನು ಆ ಕಡೆ ಐತಲ್ಲ ಮೇಡಂ, ಮುಚ್ಚಿದ್ರೆ ಬೇಜಾರು ಮಾಡ್ಕೋತಾರೆ.” ಕಮಾನು ಇರಲಿ, ಬೀಗ ಮಾತ್ರ ಹಾಕೋಣ ಅಂತ ಒಪ್ಪಿಸಿದೆವು. ಇದನ್ನು ಸಾಧಿಸಿಕೊಟ್ಟವರು ಮಕ್ಕಳೇ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಹುಡುಗಿಯೊಬ್ಬಳು ಎದ್ದು ನಿಂತು ಗೇಟು, ಸಂಪಿನ ಒಡೆದ ಮುಚ್ಚಳ, ಬಿರುಕು ಬಿಟ್ಟ ಕಾಂಪೌಂಡ್ ಎಲ್ಲ ಓದಿದಳು. ಅಲ್ಲಿ ಹೇಳಿದ್ದು ನಡಾವಳಿಯಲ್ಲಿ ದಾಖಲಾಗುತ್ತದೆ. ಪಿಡಿಒ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ನನ್ನ ಪತ್ರಗಳಿಗಿಂತ ಆ ಹುಡುಗಿಯ ಮಾತು ಬೇಗ ಕೆಲಸ ಮಾಡಿತು. ನರೇಗಾದಲ್ಲಿ ಕಾಂಪೌಂಡ್ ಆಯಿತು, ಸಂಪಿಗೆ ಬೀಗವಿರುವ ಕಬ್ಬಿಣದ ಮುಚ್ಚಳ ಬಂತು. ಹೆದ್ದಾರಿಯಾಚೆ ಗೊಲ್ಲರಹಟ್ಟಿಯಿಂದ ಬರುವ ಮಕ್ಕಳು ಮಾತ್ರ ರಸ್ತೆ ದಾಟಲೇಬೇಕು. ಅವರನ್ನು ಒಟ್ಟಿಗೆ, ಇಬ್ಬರು ಶಿಕ್ಷಕರು ಮುಂದೆ ಹಿಂದೆ ನಿಂತು ದಾಟಿಸುತ್ತೇವೆ. ಅಂಡರ್‌ಪಾಸ್ ಆಗುವವರೆಗೂ ಇದು ನಿಲ್ಲುವಂತಿಲ್ಲ.

ಆಗದೆ ಉಳಿದದ್ದೂ ಇದೆ. ಹಳೆಯ ಕೊಠಡಿಯೊಂದರ ಚಾವಣಿಯಲ್ಲಿ ಕಬ್ಬಿಣ ಕಾಣುತ್ತಿದೆ. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡದಲ್ಲಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಸತ್ತರಲ್ಲ, ಆ ವಾರವೇ ನಮ್ಮ ಕೊಠಡಿಗೆ ಬೀಗ ಹಾಕಿದೆ. ಸುತ್ತ ಹಗ್ಗವಲ್ಲ, ತಂತಿ ಬೇಲಿ ಹಾಕಿಸಿದ್ದೇವೆ, ಯಾಕೆಂದರೆ ಮಕ್ಕಳು ಗೋಡೆಯ ನೆರಳಿಗೂ ಹೋಗಿ ಕೂರುತ್ತಾರೆ. ಒಂದು, ಎರಡನೇ ಕ್ಲಾಸು ಈಗ ಒಂದೇ ಕೊಠಡಿಯಲ್ಲಿ ನಡೆಯುತ್ತಿವೆ. ಕಷ್ಟವೇ, ಆದರೆ ನಡೆಯುತ್ತಿವೆ. ಕೊಠಡಿ ಕೆಡವಲು ಇಂಜಿನಿಯರ್ ವರದಿ, ಆಮೇಲೆ ಮಂಜೂರಾತಿ ಬೇಕು. ಪ್ರತಿ ತಿಂಗಳೂ ಒಂದು ಪತ್ರ ಬರೆದು, ಬಿರುಕಿನ ಫೋಟೋ ತಾರೀಖಿನ ಸಮೇತ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬರುತ್ತಿದ್ದೇನೆ. ನಿಮ್ಮ ಶಾಲೆಯಲ್ಲೂ ಇಂಥ ಕೊಠಡಿ ಇದ್ದರೆ ಮಂಜೂರಾತಿಗೆ ಕಾಯಬೇಡಿ. ಬೀಗಕ್ಕೆ ಯಾರ ಸಹಿಯೂ ಬೇಕಿಲ್ಲ, ಇವತ್ತೇ ಹಾಕಿ.