ಮೊದಲು ಕಲಿಯಬೇಕಾದ ಫ್ರೆಂಚ್ ಕ್ರಿಯಾಪದ: ಮಾಂಟ್ರಿಯಲ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮನೆ ಹುಡುಕಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಇದರ ನಡುವೆ ಫ್ರೆಂಚ್ ಕಲಿಯಲು ಪುರುಸೊತ್ತು ಎಲ್ಲಿ ಅನ್ನಿಸುತ್ತದೆ, ಅಲ್ವಾ? ಹಾಗಾದರೆ ಒಂದೇ ಕ್ರಿಯಾಪದದಿಂದ ಶುರು ಮಾಡಿ: ಅವ್ವಾರ್. 'ನಮ್ಮ ಹತ್ತಿರ ಏನಾದರೂ ಇರುವುದು' ಅಂತ ಅರ್ಥ. ಡಾಕ್ಟರ ಹತ್ತಿರ, ಶಾಲೆಯಲ್ಲಿ, ಅಂಗಡಿಯಲ್ಲಿ ದಿನವೂ ಬೇಕಾಗುವುದು ಇದೇ.

ನಾವು ಬಂದ ಮೊದಲ ಚಳಿಗಾಲದಲ್ಲಿ ಮಗನಿಗೆ ಜೋರು ಜ್ವರ ಬಂತು. ಕ್ಲಿನಿಕ್ಕಿನ ಕೌಂಟರಿನಲ್ಲಿ ಅವನ ವಯಸ್ಸು ಕೇಳಿದರು. ನಾನು ಇಂಗ್ಲಿಷಿನ 'ಹೀ ಈಸ್ ಫೋರ್' ಹಿಡಿದುಕೊಂಡು 'ಇಲ್ ಎ ಕಾತ್ರ್' ಅಂದೆ. ಆಕೆ ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. ಗಂಟೆ ಎಷ್ಟಾಯಿತು ಅನ್ನುವ ಮಾತು ಶುರುವಾಗುವುದು ಹಾಗೆ. ಕೊನೆಗೆ ನಾಲ್ಕು ಬೆರಳು ತೋರಿಸಿದೆ. ಹೇಳಬೇಕಾಗಿದ್ದದ್ದು 'ಇಲಾ ಕಾತ್ರಾಂ': ಅವನಿಗೆ ನಾಲ್ಕು ವರ್ಷ.

ಅಂದಿನಿಂದ ಹೊಸಬರಿಗೆ ನಾನು ಹೇಳುವುದು ಒಂದೇ. ಇಂಗ್ಲಿಷ್ ಬದಿಗಿಟ್ಟು ಕನ್ನಡದಿಂದ ಯೋಚಿಸಿ. 'ನಾನು ಹಸಿವು' ಅಂತ ನಾವು ಹೇಳುವುದಿಲ್ಲ, 'ನನಗೆ ಹಸಿವು' ಅನ್ನುತ್ತೇವೆ. ಫ್ರೆಂಚರಿಗೂ ಹಸಿವು, ಬಾಯಾರಿಕೆ, ಚಳಿ, ಭಯ, ನೋವು, ವಯಸ್ಸು ಎಲ್ಲವೂ 'ಇರುವ' ವಸ್ತುಗಳೇ. 'ಜೆ ಫೆಂ' ಅಂದರೆ ನನಗೆ ಹಸಿವು. 'ಜೆ ಸ್ವಾಫ್' ಬಾಯಾರಿಕೆ. 'ಜೆ ಮಾಲ್ ಆ ಲಾ ತೆತ್' ತಲೆನೋವು. ಮಗುವಿಗೆ ಜ್ವರ ಇದ್ದರೆ 'ಇಲಾ ದ ಲಾ ಫಿಯೆವ್ರ್', ಹೆಣ್ಣುಮಗುವಾದರೆ 'ಎಲಾ'. ಎಲ್ಲಾ 'ನನಗೆ'ಗೂ ಇದು ಹೊಂದುವುದಿಲ್ಲ. ಸುಸ್ತಾಗಿದೆ ಅನ್ನಲು ಬೇರೆ ಕ್ರಿಯಾಪದ ಬೇಕು: 'ಜ ಸ್ವಿ ಫತಿಗೇ'.

ರೂಪಗಳು ಇಷ್ಟೇ: ಜೆ (ನನಗೆ), ತ್ಯು ಆ (ನಿನಗೆ), ಇಲಾ, ಎಲಾ (ಅವನಿಗೆ, ಅವಳಿಗೆ), ನುಜ಼ಾವೋಂ (ನಮಗೆ), ವುಜ಼ಾವೇ (ನಿಮಗೆ), ಇಲ್‌ಜ಼ೋಂ (ಅವರಿಗೆ). ಮಾತಿನಲ್ಲಿ 'ನಮಗೆ' ಅನ್ನಲು 'ಒನಾ'ನೇ ಜಾಸ್ತಿ ಕೇಳುತ್ತೀರಿ. ಪರಿಚಯ ಇಲ್ಲದವರ ಜೊತೆ ವುಜ಼ಾವೇ ಬಳಸಿ, ನಾವು 'ನೀವು' ಅನ್ನುವ ಹಾಗೆ.

ಈಗ ಉಚ್ಚಾರಣೆ. ಸೊನ್ನೆ ಬರೆದ ಕಡೆ ತುಟಿ ಮುಚ್ಚಬೇಡಿ. ಫೆಂ ಅನ್ನುವಾಗ ಬಾಯಿ ತೆರೆದೇ ಇರಲಿ, ಗಾಳಿ ಮೂಗಿನಿಂದಲೂ ಹೋಗಲಿ. ಜೆ ಎನ್ನುವಲ್ಲಿನ ಜ ನಮ್ಮ ಜಾತ್ರೆಯ ಜ ಅಲ್ಲ. 'ಶ್' ಅಂತ ಎಳೆಯುತ್ತಾ ಗಂಟಲಲ್ಲಿ ದನಿ ಕೊಡಿ, ಅದೇ ಬರುತ್ತದೆ. ಜ಼ ಅಂದರೆ 'ಸ್' ಎಳೆಯುತ್ತಾ ದನಿ ಕೊಡುವುದು, ಜೇನುನೊಣದ ಗುಂಯ್ ಹಾಗೆ. ಕೈಯನ್ನು ಗಂಟಲ ಮೇಲಿಟ್ಟರೆ ಅದುರುವುದು ಗೊತ್ತಾಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 'ಇಲ್‌ಜ಼ೋಂ' ಅಂದರೆ ಅವರಿಗೆ ಇದೆ, 'ಇಲ್ ಸೋಂ' ಅಂದರೆ ಅವರು ಇದ್ದಾರೆ. ವ್ಯತ್ಯಾಸ ಆ ಒಂದು ಅಕ್ಷರದ್ದು.

ನು, ವು ಪದಗಳ ಕೊನೆಯಲ್ಲಿ ಬರೆಯುವ ಸಕಾರ ಸಾಮಾನ್ಯವಾಗಿ ಮೂಕ. ಮುಂದೆ ಸ್ವರ ಬಂದರೆ ಮಾತ್ರ ಜ಼ ಆಗಿ ಎದ್ದು ಬರುತ್ತದೆ. ಮನೆ, ಅಲ್ಲಿ ಸೇರಿದಾಗ ನಡುವೆ ಯಕಾರ ಬರುತ್ತದಲ್ಲ, ಆ ಸಂಧಿಯ ನೆನಪಾಗುತ್ತದೆ ನನಗೆ. ಇನ್ನು ತಕಾರ, ಪಕಾರ, ಕಕಾರ ನಮ್ಮವೇ. ಇಂಗ್ಲಿಷಿನವರ ಟ ತರಬೇಡಿ, ತಲೆಯ ತ ಸಾಕು. ತ್ಯು ಅನ್ನುವಲ್ಲಿ ತುಟಿಯನ್ನು 'ಉ'ಗೆ ದುಂಡಗೆ ಮಾಡಿ ಒಳಗೆ 'ಇ' ಹೇಳಿ. ಕನ್ನಡಿ ಮುಂದೆ ನಾಲ್ಕು ದಿನ ಮಾಡಿದರೆ ಬರುತ್ತದೆ.

ಪುಸ್ತಕದ ತ್ಯು ಇಲ್ಲಿ ಬೀದಿಯಲ್ಲಿ 'ತ್ಸು' ಆಗುತ್ತದೆ. ಸೋಮವಾರದ ಲಂದಿ 'ಲಂದ್ಜ಼ಿ' ಆಗುತ್ತದೆ. ಅದು ತಪ್ಪಲ್ಲ, ಕ್ವಿಬೆಕ್ ಫ್ರೆಂಚಿನ ಸಹಜ ರೂಪ. ಶಾಲೆಯಿಂದ ಬಂದ ಮಗು 'ಆ ತ್ಸು ಫೆಂ?' ಅಂದರೆ, ಹಸಿವಾಗಿದೆಯಾ ಅಂತ ನಿಮ್ಮನ್ನೇ ಕೇಳುತ್ತಿದೆ. ತಿದ್ದಬೇಡಿ, ಉತ್ತರ ಕೊಡಿ. ಕ್ಲಿನಿಕ್ಕಿನಲ್ಲಿ 'ಅವೇ ವು ಲಾ ಕಾರ್ತ್ ಸೋಲೇಯ್?' ಅಂದರೆ ಆರೋಗ್ಯ ವಿಮೆಯ ಕಾರ್ಡ್ ಇದೆಯಾ ಅಂತ. ಸೋಲೇಯ್ ಅಂದರೆ ಸೂರ್ಯ, ಜನ ಆ ಕಾರ್ಡನ್ನು ಕರೆಯುವುದೇ ಹಾಗೆ. 'ವಿ, ಜೆ ಲಾ ಕಾರ್ತ್' ಅಂದರೆ ಕೆಲಸ ಆಯಿತು.

ತರಗತಿಗೆ ಸೇರಲು 2023ರ ಜೂನ್‌ನಲ್ಲಿ ಶುರುವಾದ ಕ್ವಿಬೆಕ್ ಸರ್ಕಾರದ ಫ್ರೆಂಚ್ ಕಲಿಕೆಯ ಸೇವೆ 'ಫ್ರಾನ್ಸಿಜ಼ಾಸಿಯೋಂ ಕೆಬೆಕ್' ಇದೆ (ಕೆಬೆಕ್ ಅಂದರೆ ಕ್ವಿಬೆಕ್‌ನ ಫ್ರೆಂಚ್ ಉಚ್ಚಾರಣೆ). ಕೋರ್ಸ್ ಉಚಿತ. ನೇರ ತರಗತಿಯೂ ಇದೆ, ಆನ್‌ಲೈನೂ ಇದೆ. ಸೀಟಿಗೆ ಕಾಯಬೇಕಾಗಬಹುದು. ಹಾಗಾಗಿ ಮನೆ ಸಾಮಾನು ಬಿಚ್ಚುವ ವಾರದಲ್ಲೇ ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿ.