ಬುಧವಾರ ನಾಲ್ಕೂವರೆಯ ಗುಂಪು

ಕಲ್ಯಾಣ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಸೇರಿದಾಗ ನನಗೆ ಕೊಟ್ಟ ಕೋಣೆ ಪರೀಕ್ಷಾ ವಿಭಾಗದ ಪಕ್ಕದಲ್ಲಿತ್ತು. ಅಂಕಪಟ್ಟಿಗೆ, ಮರುಮೌಲ್ಯಮಾಪನದ ಅರ್ಜಿಗೆ ಸಾಲುಗಟ್ಟಿ ನಿಂತವರಿಗೆ ನೋಡಲು ಇದ್ದದ್ದು ನನ್ನ ಬಾಗಿಲೊಂದೇ. ಯಾರು ಒಳಗೆ ಹೋದರು, ಎಷ್ಟು ಹೊತ್ತು ಇದ್ದರು, ಹೊರಬಂದಾಗ ಕಣ್ಣು ಕೆಂಪಾಗಿತ್ತೇ ಎಂಬ ವರದಿ ಸಂಜೆಯೊಳಗೆ ಹಾಸ್ಟೆಲ್ ತಲುಪುತ್ತಿತ್ತು. ಮೊದಲ ಎರಡು ತಿಂಗಳು ನನ್ನ ಬಾಗಿಲು ತಟ್ಟಿದವರಲ್ಲಿ ಹೆಚ್ಚಿನವರು ಕೇಳಿದ್ದು "ಮೇಡಂ, ಚಲನ್ ಇಲ್ಲೇ ಕೊಡುತ್ತಾರಾ?" ಎಂದು.

ಸುಮ್ಮನೆ ಕೂರಲಾರದೆ ಗುಂಪು ಆಪ್ತಸಮಾಲೋಚನೆ ಮಾಡೋಣವೆಂದು ಹೊರಟೆ. ನಾನೊಬ್ಬಳು, ವಿದ್ಯಾರ್ಥಿಗಳು ಸಾವಿರಾರು. ಒಟ್ಟಿಗೆ ಕೂರಿಸಿದರೆ ಹೊತ್ತು ಉಳಿಯುತ್ತದೆ ಎಂಬುದಷ್ಟೇ ಆಗಿನ ಲೆಕ್ಕ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳನ್ನು ಒಂದೆಡೆ ಸೇರಿಸಿ ಆರೈಕೆಯ ಪಾಠ ಹೇಳಲು ತೊಡಗಿದ್ದರ ಹಿಂದೆಯೂ ಇಂಥದೇ ಲೆಕ್ಕವಿತ್ತು. ಒಬ್ಬರ ಮುಖವನ್ನು ಇನ್ನೊಬ್ಬರು ನೋಡುವುದರಿಂದಲೇ ರೋಗಿಗಳಿಗೆ ಕಸುವು ಬರುತ್ತದೆ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ನನಗೂ ಆಮೇಲೆಯೇ.

"ಖಿನ್ನತೆ, ಆತಂಕ, ಒತ್ತಡದಿಂದ ಬಳಲುತ್ತಿದ್ದೀರಾ? ಗುಂಪು ಆಪ್ತಸಮಾಲೋಚನೆಗೆ ಬನ್ನಿ" ಎಂಬ ಪೋಸ್ಟರನ್ನು ಎಲ್ಲ ವಿಭಾಗಗಳ ಸೂಚನಾ ಫಲಕಗಳಿಗೂ ಅಂಟಿಸಿದೆ. ಮೂವರು ಬಂದರು. ಒಬ್ಬನಿಗೆ ಸರ್ಟಿಫಿಕೇಟ್ ಸಿಗುತ್ತದೆಯೇ ಎಂಬುದು ಬೇಕಿತ್ತು. ಇನ್ನೊಬ್ಬ ಅವನಿಗೆ ಜೊತೆಗಾರನಾಗಿ ಬಂದವನು. ಮೂರನೆಯವಳು ಒಳಗಿದ್ದ ಇಬ್ಬರನ್ನು ನೋಡಿ, "ಓ, ಇದು ಆ ಕೋಣೆಯಲ್ಲ" ಎಂದು ಹಿಂತಿರುಗಿದಳು. ನಿಜವಾಗಿ ಬರಬೇಕಾಗಿದ್ದವಳು ಅವಳೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಉಳಿದ ಇಬ್ಬರಿಗೆ ಮೂವತ್ತು ಸ್ಲೈಡ್ ತೋರಿಸಿ ಉಸಿರಾಟದ ವ್ಯಾಯಾಮ ಮಾಡಿಸಿದೆ. ಪಾಪದವರು, ಕೊನೆಯವರೆಗೂ ಕೂತಿದ್ದರು.

ಮುಂದಿನ ಸೆಮಿಸ್ಟರಿನಲ್ಲಿ ಎರಡು ಬದಲಾವಣೆ ಮಾಡಿದೆ. ಕುಲಸಚಿವರ ಕಚೇರಿಗೆ ಐದು ಸಲ ಅಲೆದು ಕೋಣೆಯನ್ನು ಗ್ರಂಥಾಲಯದ ಮಹಡಿಗೆ ಸಾಗಿಸಿಕೊಂಡೆ. ಗ್ರಂಥಾಲಯಕ್ಕೆ ಹೋಗುವವರನ್ನು ಯಾರೂ ಅನುಮಾನಿಸುವುದಿಲ್ಲ. ಎರಡನೆಯದು, ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮೆಸ್‌ನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಇಟ್ಟು, "ನಿದ್ದೆಗೆಡಿಸುವುದು ಏನು? ಹೆಸರು ಬೇಡ" ಎಂದು ಚೀಟಿ ಅಂಟಿಸಿದೆ. ವಾರದಲ್ಲಿ ಡಬ್ಬಿ ತುಂಬಿತು. ನೀರಿನ ದೂರು, ತಿಗಣೆಯ ದೂರು ಬಿಟ್ಟರೆ ಅತಿ ಹೆಚ್ಚು ಚೀಟಿಗಳಲ್ಲಿ ಇದ್ದದ್ದು ಸೆಮಿನಾರ್. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎಸ್ಸಿ., ಎಂ.ಕಾಂ. ತರಗತಿಗೆ ಬಂದವರು ಇಂಗ್ಲಿಷಿನಲ್ಲಿ ಹದಿನೈದು ನಿಮಿಷ ನಿಂತು ಮಾತನಾಡಬೇಕು. "ಊರಲ್ಲಿ ನಾನು ಫಸ್ಟ್ ರ್‍ಯಾಂಕ್. ಇಲ್ಲಿ ಹೆಸರು ಕರೆದರೆ ಕೈಕಾಲು ತಣ್ಣಗಾಗುತ್ತವೆ" ಎಂದು ಒಬ್ಬಳು ಬರೆದಿದ್ದಳು. ಖಿನ್ನತೆ ಎಂಬ ಪದ ಒಂದು ಚೀಟಿಯಲ್ಲೂ ಇರಲಿಲ್ಲ.

ಹೀಗಾಗಿ ಗುಂಪಿನ ಹೆಸರು "ಸೆಮಿನಾರ್ ಭಯ" ಎಂದಾಯಿತು. ಎಂಟು ವಾರ, ವಾರಕ್ಕೆ ಒಂದೂವರೆ ಗಂಟೆ, ಬುಧವಾರ ನಾಲ್ಕೂವರೆಯಿಂದ ಆರು. ಶುಕ್ರವಾರ ಅರ್ಧ ಹಾಸ್ಟೆಲ್ ಊರಿಗೆ ಹೊರಟಿರುತ್ತದೆ, ಸೋಮವಾರ ಇನ್ನೂ ಬಂದಿರುವುದಿಲ್ಲ. ಹಳ್ಳಿಯಿಂದ ದಿನವೂ ಓಡಾಡುವವರಿಗೆ ಆರೂಕಾಲಕ್ಕೆ ಕೊನೆಯ ಬಸ್. ಈ ಸಮಯವನ್ನು ಆರಿಸಿದ್ದು ಸಾರಿಗೆ ಸಂಸ್ಥೆಯ ವೇಳಾಪಟ್ಟಿ ಎಂದರೂ ಸರಿಯೇ. ಹೆಸರು ಕೊಟ್ಟವರು ಹದಿನಾಲ್ಕು ಮಂದಿ, ಸೇರಿಸಿಕೊಂಡದ್ದು ಎಂಟು ಜನರನ್ನು.

ಆರಿಸಿಕೊಳ್ಳುವ ಈ ಹೆಜ್ಜೆಯನ್ನು ಮೊದಲು ನಾನು ಮಾಡುತ್ತಿರಲಿಲ್ಲ. ಅದಕ್ಕೂ ಹಿಂದಿನ ಒಂದು ಸಣ್ಣ ಗುಂಪಿನಲ್ಲಿ, ಬದುಕೇ ಸಾಕಾಗಿದ್ದ ಹುಡುಗನೊಬ್ಬನನ್ನು ಇತರರ ನಡುವೆ ಕೂರಿಸಿದ್ದೆ. ಎರಡನೇ ವಾರ ಅವನು ಅದನ್ನು ಹೇಳಿದಾಗ ಉಳಿದವರು ಬೆಚ್ಚಿ ಮೌನವಾದರು. ಅವನಿಗೆ ಆ ಮೌನ ಛೀಮಾರಿಯಂತೆ ಕೇಳಿಸಿತು. ಅಂದು ಅವನನ್ನು ನಾನೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ದೆ. ಈಗ ಚೆನ್ನಾಗಿದ್ದಾನೆ. ಆದರೆ ಆ ಮೌನಕ್ಕೆ ಅವನನ್ನು ಒಡ್ಡಿದವಳು ನಾನು. ಅಂದಿನಿಂದ ಪ್ರತಿಯೊಬ್ಬರ ಜೊತೆಗೂ ಮೊದಲು ಇಪ್ಪತ್ತು ನಿಮಿಷ ಒಂಟಿಯಾಗಿ ಮಾತನಾಡುತ್ತೇನೆ. "ಸಾಯಬೇಕು ಎಂದು ಅನ್ನಿಸಿದ್ದುಂಟೇ?" ಎಂದು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಅಧ್ಯಾಪಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಹೆಚ್ಚಿನವರು ಯಾರೋ ಕೇಳಿದರಲ್ಲ ಎಂದು ಉಸಿರು ಬಿಡುತ್ತಾರೆ. ಆ ಯೋಚನೆ ಗಟ್ಟಿಯಾಗಿ ಇರುವವರು, ಈಚೆಗಷ್ಟೇ ಮನೆಯವರನ್ನು ಕಳೆದುಕೊಂಡವರು ಗುಂಪಿಗೆ ಬೇಡ, ಅವರಿಗೆ ಒಂಟಿ ಭೇಟಿಯೇ ಸರಿ. ಮನೋವೈದ್ಯರ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಮನೋವೈದ್ಯಕೀಯ ಆರೈಕೆಯನ್ನು ಜಿಲ್ಲೆಯಲ್ಲೇ ಒದಗಿಸುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 1996ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಶುರುಮಾಡಿ ಆಮೇಲೆ ದೇಶದಲ್ಲಿ ವಿಸ್ತರಿಸಿತಾದರೂ ಅದರ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಲ್ಲಿ. "ಬೆಂಗಳೂರಿಗೇ ಹೋಗಬೇಕಾ ಮೇಡಂ?" ಎನ್ನುವ ತಂದೆತಾಯಿಗೆ ಬೇಡ, ಜಿಲ್ಲಾಸ್ಪತ್ರೆ ಸಾಕು ಎಂದು ಹೇಳಬಲ್ಲೆ.

ಮೊದಲ ಬುಧವಾರ ಪರಿಚಯದ ಸುತ್ತಿನಲ್ಲೇ ಎಡವಿದೆ. ಹೆಸರು, ಊರು, ಅಪ್ಪ ಏನು ಮಾಡುತ್ತಾರೆ ಎಂದು ಎಲ್ಲ ತರಬೇತಿಗಳಲ್ಲಿ ಕೇಳುವಂತೆ ನಾನೂ ಕೇಳಿದೆ. ಮೂರನೆಯವರ ಸರದಿ ಬರುವಷ್ಟರಲ್ಲಿ ಎಲ್ಲರೂ ಎಲ್ಲರ ಜಾತಿಯನ್ನು ಲೆಕ್ಕ ಹಾಕಿಯಾಗಿತ್ತು. ಅಡ್ಡಹೆಸರು, ಊರು, ಕಸುಬು ಮೂರು ಸಿಕ್ಕಿದ ಮೇಲೆ ನಮ್ಮಲ್ಲಿ ಇನ್ನೇನು ಬೇಕು? ಒಬ್ಬ ಹುಡುಗಿ ತನ್ನ ಊರಿನ ಬದಲು ತಾಲ್ಲೂಕಿನ ಹೆಸರು ಹೇಳಿ ನಿಲ್ಲಿಸಿದ್ದನ್ನು ಗಮನಿಸಿದೆ. ಮುಂದಿನ ಗುಂಪಿನಿಂದ ನನ್ನ ಮೊದಲ ಪ್ರಶ್ನೆ "ಇವತ್ತು ಮಧ್ಯಾಹ್ನ ಊಟಕ್ಕೆ ಏನಿತ್ತು?" ಎಂಬುದು. ಹಾಸ್ಟೆಲ್ಲಿನವರೆಲ್ಲ ಉಂಡದ್ದು ಅದೇ ತಿಳಿಸಾರು. ಅದನ್ನು ಬೈಯುತ್ತಾ ಬೈಯುತ್ತಾ ಎಲ್ಲರೂ ಒಂದೇ ಪಂಕ್ತಿಗೆ ಬರುತ್ತಾರೆ.

ಗುಂಪು ನಡೆಸುವುದರಲ್ಲಿ ನನಗೆ ಅತಿ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ವೃತ್ತಾಕಾರವಾಗಿ ಕುರ್ಚಿ ಹಾಕಿದರೂ ಅವರ ಪಾಲಿಗೆ ಅದು ತರಗತಿಯೇ. ಪ್ರತಿ ಮಾತೂ "ಮೇಡಂ" ಎಂದು ಶುರುವಾಗುತ್ತದೆ, ಎಂಟು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತವೆ. ನಾನು ಉತ್ತರಿಸಿದರೆ ಮುಗಿಯಿತು, ಎಂಟು ಜನರ ಎದುರು ಎಂಟು ಒಂಟಿ ಭೇಟಿ ನಡೆಸಿದಂತೆ. ಅದಕ್ಕೊಂದು ಉಪಾಯ ಕಂಡುಕೊಂಡೆ. ಮಾತನಾಡುವವರು ನನ್ನ ಕಡೆ ತಿರುಗಿದಾಗ ನಾನು ಅವರ ಎದುರಿಗೆ ಕೂತವರ ಕಡೆ ನೋಡುತ್ತೇನೆ. ಮಾತನಾಡುವವರ ಕಣ್ಣೂ ನಿಧಾನವಾಗಿ ಅತ್ತ ಹೋಗುತ್ತದೆ. ಅದೂ ಸಾಲದಿದ್ದರೆ "ಇದನ್ನು ಅವರಿಗೆ ಹೇಳಿ" ಎನ್ನುತ್ತೇನೆ. ಮೊದಲ ದಿನದ ಮೌನದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಅರ್ಧ ನಿಮಿಷ ಕಳೆಯುವುದರೊಳಗೆ ನನಗೇ ಬೆವರು. ಆ ಹೊತ್ತಿನಲ್ಲಿ ನಾನು ಕೈಯ ಬಳೆಗಳನ್ನು ಎಣಿಸುತ್ತೇನೆ. ನಾಲ್ಕೇ ಬಳೆ, ಮತ್ತೆ ಮತ್ತೆ ಎಣಿಸಬೇಕು.

ಇನ್ನೊಂದು ಕಾಟ ಉಪದೇಶ. ಯಾರಾದರೂ ಕಣ್ಣೀರು ಹಾಕಿದ ಕೂಡಲೇ ಪಕ್ಕದವರು "ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ" ಎಂದು ಮಾತಿಗೆ ಮುಚ್ಚಳ ಹಾಕುತ್ತಾರೆ. ಮೊದಲ ಮೂರು ವಾರ ಸಲಹೆ ಕೊಡುವಂತಿಲ್ಲ, ನಿಮಗೂ ಹಾಗಾಗಿದ್ದರೆ ಅದನ್ನು ಹೇಳಿ ಎಂಬ ನಿಯಮ ಮಾಡಿದೆ. "ಬೇಜಾರು" ಎಂಬ ಪದವನ್ನೂ ಬಿಡಿಸಿ ಕೇಳುವುದನ್ನು ಅಭ್ಯಾಸ ಮಾಡಿಸಿದೆ. ಹೊತ್ತು ಹೋಗದಿದ್ದರೂ ಬೇಜಾರು, ಸ್ನೇಹಿತೆ ಮಾತು ಬಿಟ್ಟರೂ ಬೇಜಾರು, ಬೆಳಿಗ್ಗೆ ಏಳಲು ಮನಸ್ಸಿಲ್ಲದಿದ್ದರೂ ಬೇಜಾರು. "ಯಾವ ಬೇಜಾರು?" ಎಂದು ಗುಂಪಿನವರೇ ಒಬ್ಬರನ್ನೊಬ್ಬರು ಕೇಳತೊಡಗಿದ ದಿನ ನನ್ನ ಕೆಲಸ ಅರ್ಧ ಹಗುರಾಯಿತು. ಗುಂಪು ಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೋಮ್ ಗುಂಪು ಗುಣಪಡಿಸುವ ಬಗೆಗಳನ್ನು ಪಟ್ಟಿಮಾಡುವಾಗ, ನನ್ನ ಪಾಡು ನನ್ನೊಬ್ಬನದಲ್ಲ ಎಂದು ಕಂಡುಕೊಳ್ಳುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಆ ಪಾಠವನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದು ಕಣ್ಣಿಗೆ ಬಿದ್ದದ್ದು ಮಾತ್ರ, ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬಂದಿದ್ದ ಹುಡುಗಿಯೊಬ್ಬಳು "ಸೆಮಿನಾರಿನ ಹಿಂದಿನ ರಾತ್ರಿ ನನಗೂ ವಾಂತಿಯಾಗುತ್ತದೆ" ಎಂದಾಗ. ಉಳಿದ ಏಳು ಜನ ಅವಳನ್ನು ಆಗಷ್ಟೇ ಮೊದಲ ಸಲ ನೋಡುತ್ತಿರುವಂತೆ ನೋಡಿದರು.

ನಾಲ್ಕನೇ ವಾರದ ಹೊತ್ತಿಗೆ ಪೆಟ್ಟು ಬಿತ್ತು. ಗುರುವಾರ ಬೆಳಿಗ್ಗೆ ಗುಂಪಿನ ಹುಡುಗಿಯೊಬ್ಬಳು ಬಂದು ನಿಂತೇ ಹೇಳಿದಳು: "ನಿನ್ನೆ ನಾನು ಹೇಳಿದ್ದನ್ನು ರಾತ್ರಿ ಮೆಸ್‌ನಲ್ಲಿ ಬಡಿಸಿದ್ದಾರೆ." ಮನೆಯ ಸಾಲದ ವಿಷಯ, ಅವಳ ಅಪ್ಪನ ವಿಷಯ, ಅದಕ್ಕಿಂತ ಹೆಚ್ಚು ನಾನೂ ಹೇಳಬಾರದು. ಇಲ್ಲಿ ಕೂಡ ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿಯೇ ಬರೆಯುತ್ತಿದ್ದೇನೆ. "ಇಲ್ಲಿ ಕೇಳಿದ್ದು ಇಲ್ಲೇ" ಎಂಬ ನಿಯಮಕ್ಕೆ ಮೊದಲ ದಿನವೇ ಎಲ್ಲರೂ ತಲೆಯಾಡಿಸಿದ್ದರು. ತಲೆಯಾಡಿಸುವುದು ನಮ್ಮವರಿಗೆ ಕಷ್ಟವೇ ಅಲ್ಲ.

ಅವಳ ಒಪ್ಪಿಗೆ ಪಡೆದು ಮುಂದಿನ ವಾರ ವಿಷಯವನ್ನು ಗುಂಪಿನ ನಡುವೆ ಇಟ್ಟೆ. ಯಾರು ಎಂದು ಕೇಳಲಿಲ್ಲ. ಹೀಗಾಗಿದೆ, ಇದರಿಂದ ನಿಮಗೆ ಏನನ್ನಿಸುತ್ತದೆ ಎಂದಷ್ಟೇ ಕೇಳಿದೆ. ಬಹಳ ಹೊತ್ತಾದ ಮೇಲೆ ಒಬ್ಬ ಹುಡುಗ ನೆಲ ನೋಡುತ್ತಾ, "ನಾನೇ. ನಮ್ಮ ರೂಮಿನವನ ಮನೆಯಲ್ಲೂ ಅದೇ ತಾಪತ್ರಯ. ಅವನಿಗೆ ಧೈರ್ಯ ಬರಲಿ ಎಂದು ಹೇಳಿದೆ" ಎಂದ. ಆ ರೂಮಿನವನು ಹೇಳಿದ್ದು ಗೆಳತಿಗೆ, ಗೆಳತಿ ಮೆಸ್‌ಗೆ. ಕೆಟ್ಟ ಮನಸ್ಸಿನವರು ಸಾಲಿನಲ್ಲಿ ಒಬ್ಬರೂ ಇರಲಿಲ್ಲ, ಅದೇ ಕಷ್ಟ. ಅವನು ಕ್ಷಮೆ ಕೇಳಿದ. ಅವಳು "ಸರಿ" ಎಂದಳು. ಆದರೆ ಮರುವಾರದಿಂದ ಗುಂಪಿಗೆ ಬರಲಿಲ್ಲ, ನನ್ನೊಬ್ಬಳ ಬಳಿ ಬರುತ್ತಿದ್ದಳು. ಅವಳ ಕುರ್ಚಿಯನ್ನು ಕೊನೆಯ ವಾರದವರೆಗೂ ತೆಗೆಯಲಿಲ್ಲ. ನಾನು ಅದನ್ನು ಗುಂಪಿನಲ್ಲಿ ಎತ್ತಿದ್ದು ಸರಿಯೇ, ಅವನನ್ನು ಒಂಟಿಯಾಗಿ ಕರೆಯಬೇಕಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ನಿಯಮವನ್ನಂತೂ ತಿದ್ದಿದೆ: ನಿಮ್ಮ ಮಾತನ್ನು ನೀವು ಎಲ್ಲಿಗಾದರೂ ಒಯ್ಯಿರಿ, ಇನ್ನೊಬ್ಬರ ಮಾತನ್ನು ಹೆಸರು ತೆಗೆದೂ ಒಯ್ಯಬೇಡಿ, ಒಳ್ಳೆಯದಕ್ಕೂ ಒಯ್ಯಬೇಡಿ. ನಾನು ಗುಟ್ಟು ಮುರಿಯುವುದು ಜೀವಕ್ಕೆ ಅಪಾಯವಿದ್ದಾಗ ಮಾತ್ರ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಈಗ ಇದಕ್ಕೆ ತಲೆಯಾಡಿಸಿದರೆ ಸಾಲದು, ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು.

ಹಿರಿಯರ ಕುತೂಹಲ ಇದಕ್ಕಿಂತ ಕಡಿಮೆಯೇನಲ್ಲ. "ನಮ್ಮ ವಿಭಾಗದಿಂದ ಯಾರು ಯಾರು ಬರುತ್ತಾರೆ, ಪಟ್ಟಿ ಕಳಿಸಿ" ಎಂದು ವಿಭಾಗ ಮುಖ್ಯಸ್ಥರೊಬ್ಬರು ಕೇಳಿದರು. ಸಂಖ್ಯೆ ಕೊಡುತ್ತೇನೆ, ಹೆಸರು ಕೊಡುವುದಿಲ್ಲ ಎಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕಿನ ಬಗ್ಗೆಯೇ ಇದೆ. ಅದರ ಪ್ರತಿಯನ್ನು ಮೇಜಿನ ಗಾಜಿನಡಿ ಇಟ್ಟಿದ್ದೇನೆ. ಸರ್ಕಾರಿ ಕಚೇರಿಗಳಲ್ಲಿ ಸೆಕ್ಷನ್ ಎಂಬ ಪದಕ್ಕೆ ಇರುವ ಮರ್ಯಾದೆ ನನಗಿಲ್ಲ.

ಕೋಣೆಯ ಹೊರಗಿನ ಕೆಲಸದ ಬಗ್ಗೆ ಹೇಳುವುದಾದರೆ, ಹೊಸಬರ ಸ್ವಾಗತ ಸಮಾರಂಭದಲ್ಲಿ ನಾನು ಮಾಡುತ್ತಿದ್ದ ಭಾಷಣ ದಂಡ. ಕುಲಪತಿಗಳ ಮಾತಿಗೂ ಚಹಕ್ಕೂ ನಡುವೆ ಹತ್ತು ನಿಮಿಷ, ಯಾರ ಕಿವಿಗೂ ಬೀಳುತ್ತಿರಲಿಲ್ಲ. ಇಂಟರ್ನಲ್ಸ್ ಅಂಕ ಹಾಕಿದ ದಿನ ವಿಭಾಗದ ಕಾರಿಡಾರಿನಲ್ಲಿ, ವಿದ್ಯಾರ್ಥಿವೇತನ ತಡವಾದ ತಿಂಗಳಲ್ಲಿ ಹಾಸ್ಟೆಲ್ ಕಚೇರಿಯ ಎದುರು, ರಾತ್ರಿ ಊಟದ ನಂತರ ಮೆಟ್ಟಿಲ ಮೇಲೆ ಸುಮ್ಮನೆ ಕೂತದ್ದು ಅದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಅಲ್ಲಿ ಕೂತಿದ್ದಾಗಲೇ ಅವ್ವನ ಪರಿಚಯವಾದದ್ದು. ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಅವರನ್ನು ಎಲ್ಲರೂ ಅವ್ವ ಎಂದೇ ಕರೆಯುವುದು. ಒಂದು ರಾತ್ರಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದು, "ಮೇಡಂ, ಮೇಲಿನ ಮಹಡಿಯ ಒಬ್ಬ ಹುಡುಗಿ ನಾಲ್ಕು ದಿನದಿಂದ ಎರಡು ರೊಟ್ಟಿ ಇಸಿದುಕೊಂಡು ಎರಡನ್ನೂ ಹಾಗೇ ಬಿಟ್ಟು ಹೋಗುತ್ತಾಳೆ. ಹೋದ ತಿಂಗಳು ನಾಲ್ಕು ತಿನ್ನುತ್ತಿದ್ದಳು" ಎಂದರು. ವಾರ್ಡನ್‌ಗೆ ಗೊತ್ತಿರಲಿಲ್ಲ, ರೂಮಿನವರಿಗೆ ಗೊತ್ತಿರಲಿಲ್ಲ. ಅವ್ವ ಹೇಳಿದ್ದು ಸರಿಯಾದ ಹೊತ್ತಿಗೆ ಎಂಬುದು ಆ ಹುಡುಗಿಯ ಜೊತೆ ಮಾತನಾಡಿದ ಮೇಲೆ ತಿಳಿಯಿತು.

ಆಮೇಲೆ ಅಡುಗೆಯವರಿಗೆ, ಕಸ ಗುಡಿಸುವವರಿಗೆ, ರಾತ್ರಿ ಕಾವಲಿನವರಿಗೆ ಎರಡೆರಡು ಗಂಟೆಯ ತರಬೇತಿ ಇಟ್ಟೆ. ಊಟ ಬಿಟ್ಟವರು, ಹಗಲೆಲ್ಲ ಬಾಗಿಲು ಹಾಕಿಕೊಂಡವರು, ತಮ್ಮ ಸಾಮಾನುಗಳನ್ನು ಹಂಚುತ್ತಿರುವವರು ಕಂಡರೆ ಏನು ಕೇಳಬೇಕು, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬಷ್ಟೇ ಪಾಠ. "ಇದೆಲ್ಲ ಡಿ ದರ್ಜೆಯವರಿಗೆ ಯಾಕೆ?" ಎಂದು ಕಚೇರಿಯಲ್ಲಿ ಒಬ್ಬರು ನಕ್ಕಿದ್ದರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಆಪ್ತಸಮಾಲೋಚಕರು ಇರಬೇಕೆಂದೂ, ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕೆಂದೂ ಹೇಳಿದ ಮೇಲೆ ಅವರೇ ಹಾಜರಾತಿಯ ಹಾಳೆ ಕೇಳಿಕೊಂಡು ಬಂದರು. ಈಗ ಮೆಸ್ ಕಾರ್ಡಿನ ಹಿಂಬದಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅಚ್ಚಾಗಿದೆ. ಹಗಲುರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ರಾತ್ರಿ ಎರಡು ಗಂಟೆಗೆ ನಾನು ಮೆಟ್ಟಿಲ ಮೇಲೆ ಇರುವುದಿಲ್ಲವಲ್ಲ.

ಗಂಡುಮಕ್ಕಳ ಹಾಸ್ಟೆಲ್ಲಿನಲ್ಲಿ ಮಾತ್ರ ಇನ್ನೂ ಸೋಲುತ್ತಲೇ ಇದ್ದೇನೆ. ಅಲ್ಲಿಟ್ಟ ಡಬ್ಬಿಯಲ್ಲಿ ಸಿನಿಮಾ ಸಂಭಾಷಣೆ, ವಾರ್ಡನ್ ಮೇಲೆ ಒಂದು ಪದ್ಯ, ಒಮ್ಮೆ ಅರ್ಧ ತಿಂದ ಬಾಳೆಹಣ್ಣು. ಗುಂಪಿಗೆ ಬರುವ ಎಂಟರಲ್ಲಿ ಹುಡುಗರು ಇಬ್ಬರು, ಹೆಚ್ಚೆಂದರೆ ಮೂವರು. ಈ ವರ್ಷ ಡಬ್ಬಿ ಬಿಟ್ಟು, ಗೇಟಿನ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಸಂಜೆ ಕೂರುತ್ತಿದ್ದೇನೆ. ಮೂರು ವಾರ ಯಾರೂ ಹತ್ತಿರ ಬರಲಿಲ್ಲ. ಮೊನ್ನೆ ಒಬ್ಬ ಅರ್ಧ ಲೋಟ ಚಹ ಹಿಡಿದು ಬೆಂಚಿನ ಆ ತುದಿಯಲ್ಲಿ ಕೂತ. ಅವನ ಸ್ನೇಹಿತನೊಬ್ಬನಿಗೆ ರಾತ್ರಿ ನಿದ್ದೆ ಬರುವುದಿಲ್ಲವಂತೆ, ಊರಿಗೆ ಫೋನ್ ಮಾಡುವುದನ್ನೂ ಬಿಟ್ಟಿದ್ದಾನಂತೆ. ಆ ಸ್ನೇಹಿತನಿಗೆ ಬುಧವಾರ ನಾಲ್ಕೂವರೆಗೆ ಗ್ರಂಥಾಲಯದ ಮಹಡಿಗೆ ಬರಲು ಹೇಳಿ, ಮೊದಲು ನಾನೊಬ್ಬಳೇ ಮಾತನಾಡುತ್ತೇನೆ ಎಂದೆ.

"ಬುಧವಾರ ನನಗೆ ಪ್ರಾಕ್ಟಿಕಲ್ ಇದೆ ಮೇಡಂ" ಎಂದ. ಗುರುವಾರವೂ ಆಗಬಹುದು ಎಂದು ಹೇಳಿ ನಾನೂ ಇನ್ನೊಂದು ಚಹ ತರಿಸಿಕೊಂಡೆ.