ನಾಲ್ಕು ಫೋನ್, ಒಂದು ವೈಫೈ: ಪಾರಿಜಾತದ ಲೈವ್ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಮುಧೋಳ, ಗೋಕಾಕ ಕಡೆ ಶ್ರೀಕೃಷ್ಣ ಪಾರಿಜಾತ ಎಂಬ ಜಾನಪದ ಆಟ ಎಂದರೆ ಜನಕ್ಕೆ ಇಂದಿಗೂ ಪ್ರೀತಿ. ದುಡಿಯಲು ಪರ ಊರಿಗೆ ಹೋದವರೂ ನೋಡಲಿ ಎಂದು ಆಟವನ್ನು ಲೈವ್ ಹಾಕಬೇಕೆನ್ನುವವರಿಗೆ ದುಬಾರಿ ಕ್ಯಾಮೆರಾ ಬೇಕಿಲ್ಲ. ನಾಲ್ಕು ಫೋನ್‌ಗಳಿಂದ ವೈಫೈ ಮೂಲಕ ಲ್ಯಾಪ್‌ಟಾಪ್‌ಗೆ ದೃಶ್ಯ ಕಳಿಸಿದರೆ ಸಾಕು. ಆದರೆ ಕೃಷ್ಣ ರಂಗಕ್ಕೆ ಬಂದು ಕುಣಿತ ಶುರುವಾದ ಹೊತ್ತಿಗೇ ಚಿತ್ರ ಒಡೆಯುತ್ತದೆ. ಯಾಕೆ?

ವಿಡಿಯೊ ಒಂದೇ ಸಮನೆ ಹರಿಯುವುದಿಲ್ಲ. 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ವೇಗದಲ್ಲಿ, ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ ಇಟ್ಟರೆ, ಒಂದು ಫ್ರೇಮಿಗೆ ಸರಾಸರಿ 17 ಕೆಬಿ. ಹೆಚ್ಚಿನ ಫ್ರೇಮ್‌ಗಳು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ; ಕುಣಿತದಲ್ಲಿ ಬದಲಾವಣೆ ಜಾಸ್ತಿ, ಹಾಗಾಗಿ ಅವೂ ದೊಡ್ಡದಾಗುತ್ತವೆ. ನಡುನಡುವೆ ಬರುವ ಕೀಫ್ರೇಮ್ ಮಾತ್ರ ಪೂರ್ತಿ ಚಿತ್ರ. ಅದು ಸರಾಸರಿಯ ಐದಾರು ಪಟ್ಟು ದೊಡ್ಡದಿರಬಹುದು. ಆಗ ಸುಮಾರು 70 ಪ್ಯಾಕೆಟ್ (ಡೇಟಾದ ಸಣ್ಣ ತುಂಡುಗಳು) ಒಂದೇ ಕ್ಷಣಕ್ಕೆ ಹೊರಡುತ್ತವೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳೆಲ್ಲ ಒಟ್ಟಿಗೆ ಕಾರ್ಖಾನೆ ಗೇಟಿಗೆ ಬಂದಂತೆ: ಇಡೀ ದಿನದ ಲೆಕ್ಕದಲ್ಲಿ ಜಾಗ ಸಾಕು, ಆ ಗಳಿಗೆಗೆ ಸಾಲದು. ಅದಕ್ಕೇ ಸರಾಸರಿ ವೇಗ ನೋಡಿ ಸಮಾಧಾನಪಡಬೇಡಿ, ಏರಿಕೆಗೆ ತಯಾರಾಗಿ.

ಮೊದಲು ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ. ಇದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ. ಲ್ಯಾಪ್‌ಟಾಪ್ ಕೂಡ ವೈಫೈನಲ್ಲೇ ಇದ್ದರೆ ಪ್ರತಿ ಪ್ಯಾಕೆಟ್ ಎರಡು ಸಲ ಗಾಳಿಯಲ್ಲಿ ಹೋಗಬೇಕು: ಫೋನಿನಿಂದ ರೂಟರ್‌ಗೆ, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ. ನಾಲ್ಕು ಫೋನಿನ 16 ಎಂಬಿಪಿಎಸ್ ಅಲ್ಲೇ 32 ಆಗುತ್ತದೆ. ಲೈವ್ ಹೊರಗೆ ಹೋಗುವುದೂ ಅದೇ ಗಾಳಿಯಲ್ಲಿ. ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆದರೆ ಈ ಭಾರ ಇಳಿಯುತ್ತದೆ.

ಫೋನ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ. ಬ್ಲೂಟೂತ್ ಓಡುವುದೂ ಅಲ್ಲೇ. 5ರ ಅಲೆ ಗೋಡೆ ದಾಟುವುದು ಕಷ್ಟ, ಹಾಗಾಗಿ ರೂಟರನ್ನು ರಂಗಕ್ಕೆ ಹತ್ತಿರ, ತಲೆಗಳಿಗಿಂತ ಎತ್ತರದಲ್ಲಿ ಇಡಿ. ಬೇರೆ ಫೋನ್‌ಗಳೂ ಸೇರಿದರೆ ಗಾಳಿಯಲ್ಲಿ ದಟ್ಟಣೆ ಹೆಚ್ಚುತ್ತದೆ, ಹಾಗಾಗಿ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಪ್ರೇಕ್ಷಕರಿಗೆಂದು ಅದೇ ರೂಟರಿನಲ್ಲಿ ಬೇರೆ ಹೆಸರಿನ ಗೆಸ್ಟ್ ವೈಫೈ ಮಾಡಿದರೂ ಪ್ರಯೋಜನವಿಲ್ಲ. ಹೆಸರು ಬೇರೆಯಾದರೂ ಚಾನೆಲ್ ಒಂದೇ ಅಲ್ವಾ?

ರೂಟರಿನ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಎಂಎಂ ಎಂದು ಇರುತ್ತದೆ. ಅದನ್ನು ಆಫ್ ಮಾಡಬೇಡಿ. ಧ್ವನಿ, ವಿಡಿಯೊ ಎಂದು ಗುರುತು ಹಾಕಿಕೊಂಡು ಬಂದ ಪ್ಯಾಕೆಟ್‌ಗಳಿಗೆ ಮೊದಲ ಅವಕಾಶ ಕೊಡುವುದು ಅದೇ. ಆಫ್ ಮಾಡಿದರೆ ಎಷ್ಟೋ ರೂಟರ್‌ಗಳ ವೇಗ 54 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ.

ಈಗ ಫೋನಿನ ಆ್ಯಪ್. ಬಿಟ್‌ರೇಟನ್ನು (ಸೆಕೆಂಡಿಗೆ ಕಳಿಸುವ ಡೇಟಾದ ಪ್ರಮಾಣ) ಸಿಬಿಆರ್‌ಗೆ, ಅಂದರೆ ಒಂದೇ ಸಮನಾದ ದರಕ್ಕೆ ಇಡಿ, ಆಗ ಏರಿಳಿತ ಕಡಿಮೆ. ಕೀಫ್ರೇಮ್ 2 ಸೆಕೆಂಡಿಗೊಮ್ಮೆ ಬರಲಿ. ಜಾಸ್ತಿ ಹತ್ತಿರವಾದರೆ ಏರಿಕೆಯೂ ಜಾಸ್ತಿ, ತೀರಾ ದೂರವಾದರೆ ಒಡೆದ ಚಿತ್ರ ಸರಿಯಾಗಲು ಹೊತ್ತು ಹಿಡಿಯುತ್ತದೆ. ನಾಲ್ಕೂ ಫೋನ್‌ಗಳ ರೆಕಾರ್ಡಿಂಗ್ ಒಂದೇ ಸಲ ಒತ್ತಬೇಡಿ. ಸ್ವಲ್ಪ ಬಿಟ್ಟು ಬಿಟ್ಟು ಶುರು ಮಾಡಿದರೆ ಎಲ್ಲರ ಕೀಫ್ರೇಮ್ ಒಟ್ಟಿಗೆ ಮುಗಿಬೀಳುವ ಸಂಭವ ಕಡಿಮೆ.

ಲ್ಯಾಪ್‌ಟಾಪ್ ಕಡೆ 300 ಮಿಲಿಸೆಕೆಂಡ್ ಬಫರ್ ಕೊಡಿ, ಅಂದರೆ ಚಿತ್ರವನ್ನು ಅಷ್ಟು ಹೊತ್ತು ತಡೆದು ತೋರಿಸಲಿ. ತಡವಾಗಿ ಬಂದ ಪ್ಯಾಕೆಟ್‌ಗಳಿಗೂ ಆಗ ಜಾಗ ಸಿಗುತ್ತದೆ. ಆದರೆ ಮಿಕ್ಸರ್‌ನಿಂದ ಕೇಬಲ್‌ನಲ್ಲಿ ಬರುವ ಧ್ವನಿಗೆ ಈ ತಡ ಇರುವುದಿಲ್ಲ. ಸುಮ್ನೆ ಬಿಟ್ಟರೆ ಹಾಡು ತುಟಿಗಿಂತ ಮುಂದೆ ಓಡುತ್ತದೆ. ಪಾರಿಜಾತದ ಜೀವವೇ ಹಾಡು. ಲೈವ್‌ಗೆ ಓಬಿಎಸ್ ಎಂಬ ಸಾಫ್ಟ್‌ವೇರ್ ಬಳಸುವವರು ಆಡಿಯೊದ ಸಿಂಕ್ ಆಫ್‌ಸೆಟ್‌ನಲ್ಲಿ (ಧ್ವನಿಯನ್ನು ತಡಮಾಡುವ ಸೆಟ್ಟಿಂಗ್) 300 ಎಂದು ಹಾಕಿ, ಚಪ್ಪಾಳೆ ತಟ್ಟಿಸಿ ನೋಡಿ, ಹೆಚ್ಚುಕಡಿಮೆ ಮಾಡಿಕೊಳ್ಳಿ.

ಪರೀಕ್ಷೆಯನ್ನು ಖಾಲಿ ರಂಗದ ಮೇಲೆ ಮಾಡಬೇಡಿ. ಅಲ್ಲಾಡದ ಚಿತ್ರ ಎಂಥ ವೈಫೈನಲ್ಲೂ ಚೆನ್ನಾಗಿಯೇ ಬರುತ್ತದೆ. ದೀಪ ಹಾಕಿಸಿ, ಪಾತ್ರಧಾರಿಗಳನ್ನು ಕುಣಿಸಿ, ನಾಲ್ಕೂ ಫೋನ್ ಚಾಲೂ ಇಟ್ಟು ನೋಡಿ. ಆಗಲೂ ತಡವರಿಸಿದರೆ ಮುಖ್ಯ ಫೋನ್ ಮುಟ್ಟಬೇಡಿ, ಪ್ರೇಕ್ಷಕರನ್ನು ತೋರಿಸುವ ಫೋನಿನ ವಿಡಿಯೊ ಗುಣಮಟ್ಟವನ್ನು ಮೊದಲು 1080ರಿಂದ 720ಕ್ಕೆ ಇಳಿಸಿ, ಅದರ ಬಿಟ್‌ರೇಟನ್ನೂ ಅರ್ಧ ಮಾಡಿ.